ಸಗೀರಾಳ ಮೀನಿಗೆ ಹಾಸಿದ ಉಸುಕು

ಬಂಗಾರದ ಮೀನಿನ ಸುದ್ದಿ ಹೊನ್ನವ್ವನ ಕಿವಿಗೆ ಬಿದ್ದದ್ದು ಮಸೂತಿ ಊರಿನ ಗೌಡರ ಪಡಸಾಲೆಯಲ್ಲಿ, ಆಕೆ ಜೋಳ ಹಸನು ಮಾಡುತ್ತ ಕೂತಿದ್ದಾಗ. ಅರವತ್ತೊಂದನೆಯ ಇಸವಿ. ರಂಜಾನ್ ಹಬ್ಬ ಮುಗಿದು ಎಂಟು ದಿನ ಆಗಿತ್ತು. ಪಿಂಜಾರ ದಾವಲಮಲಿಕನ ಕಿರಿಯ ಮಗಳು ಅಬಿದಾ ಏದುಸಿರು ಬಿಡುತ್ತ ಬಂದು ಹೊಸ್ತಿಲ ಹೊರಗೇ ನಿಂತಳು.

"ಚಿಗವ್ವಾ, ನಮ್ಮ ಮನಿಗೆ ಬಂಗಾರದ ಮೀನ ಬಂದಾವ. ಆರು."

ಹೊನ್ನವ್ವ ಮೊರ ನಿಲ್ಲಿಸಲಿಲ್ಲ. "ಒಂದೊಂದು ಎಷ್ಟ ತೊಲಿ ಅದಾವು?"

"ತೂಗೂ ಬಂಗಾರ ಅಲ್ಲ. ಜೀವ ಇದ್ದಾವು, ಈಜಾಡ್ತಾವು. ಅಕ್ಕನ್ನ ಮಾಡ್ಕೊಳ್ಳಾಂವ ಮುಂಬೈಯಿಂದ ತಂದಾನ. ಜಲ್ದಿ ಬಾ, ಅವರವ್ವನೂ ಬಂದಾಳ. ಅಪ್ಪಗ ಏನ ಮಾತಾಡಬೇಕ ತಿಳೀವಲ್ದು."

ಕಡೆಯ ಮಾತು ಕೇಳಿ ಹೊನ್ನವ್ವ ಎದ್ದಳು. ದಾವಲಮಲಿಕನ ಹೆಂಡತಿ ರಾಜಬಿ ಅಬಿದಾಳನ್ನು ಹೆತ್ತು ಹನ್ನೊಂದನೆಯ ದಿನ ತೀರಿಕೊಂಡವಳು. ಬದುಕಿದ್ದಾಗ ಅವಳೂ ಹೊನ್ನವ್ವನೂ ಒಂದೇ ಕಲ್ಲಿನಲ್ಲಿ ಎದುರುಬದುರು ಕೂತು ಬೀಸಿದವರು. ಅಂದಿನಿಂದ ಆ ಮನೆಯ ಎರಡೂ ಹುಡುಗಿಯರಿಗೆ ಹೊನ್ನವ್ವನೇ ಚಿಗವ್ವ.

ಹೊನ್ನವ್ವನ ಗಂಡ ಸತ್ತು ಹನ್ನೆರಡು ವರ್ಷವಾಗಿತ್ತು. ಊರಿನ ನಾಲ್ಕು ದೊಡ್ಡ ಮನೆಗಳ ಕಾಳು ಹಸನು ಮಾಡಿಕೊಟ್ಟು, ಅವರು ಅಳೆದು ಕೊಟ್ಟ ಕಾಳಿನಲ್ಲಿ ಆಕೆಯ ಹೊಟ್ಟೆ ನಡೆಯುತ್ತಿತ್ತು. ಹೊನ್ನವ್ವ ಕೇರಿದ ಜೋಳವನ್ನು ಕಣ್ಣು ಮುಚ್ಚಿಕೊಂಡು ಬೀಸಬಹುದು ಎನ್ನುತ್ತಿದ್ದರು. ಹನ್ನೆರಡು ವರ್ಷದಲ್ಲಿ ಯಾರ ಹಲ್ಲಿಗೂ ಒಂದು ಹರಳು ಸಿಕ್ಕಿರಲಿಲ್ಲ. ಹೊಲ ಇಲ್ಲದ, ಮಕ್ಕಳಿಲ್ಲದ ಹೆಂಗಸಿಗೆ ಆ ಮಾತೊಂದೇ ಆಸ್ತಿ.

ಪಿಂಜಾರರ ಮನೆ ಎರಡೇ ಅಂಕಣದ್ದು. ಅರಳೆ ಹಿಂಜುವ ದೊಡ್ಡ ಕಮಾನು ಗೋಡೆಗೆ ಒರಗಿತ್ತು. ಗಾದಿಗಳ ಒಟ್ಟಿಲಿನ ಪಕ್ಕ ಒಂದು ಪೆಟ್ಟಿಗೆಯ ಮೇಲೆ ಗಾಜಿನ ತೊಟ್ಟಿ. ನಾಲ್ಕು ಕಡೆ ಕಬ್ಬಿಣದ ಪಟ್ಟಿ, ಬುಡವೂ ಗಾಜು. ಅದರೊಳಗೆ ಬೆರಳುದ್ದದ ಆರು ಮೀನು, ಕುಂಕುಮಕ್ಕೆ ಅರಿಸಿನ ಬೆರೆಸಿದ ಬಣ್ಣ. ಹೊನ್ನವ್ವ ಬಾಯಿಗೆ ಸೆರಗು ಹಿಡಿದು ನಿಂತಳು. ಹಳ್ಳದ ಕರಿ ಮೀನು ಬಿಟ್ಟು ಬೇರೆ ಮೀನನ್ನು ಆಕೆ ನೋಡಿದವಳಲ್ಲ.

ಚಾಪೆಯ ಮೇಲೆ ಇಂಡಿ ಊರಿನ ಜೋಹರಾಬಿ ಕೂತಿದ್ದಳು. ಸ್ಥೂಲ ಹೆಂಗಸು, ಮಾತಿಗಿಂತ ಮೊದಲು ಕಣ್ಣು ಕೆಲಸ ಮಾಡುತ್ತಿದ್ದವು. ತನ್ನೂರ ಲಿಂಬೆಹಣ್ಣಿನ ಒಂದು ಚೀಲ ತಂದು ಕೊಟ್ಟಿದ್ದಳು. ಮಗ ಬಾಬುಲಾಲ ಬಡಕಲು, ವಿನಯದವನು. ಮುಂಬಯಿಯ ಒಂದು ಇರಾನಿ ಹೋಟೆಲಿನಲ್ಲಿ ಚಹಾ ಕೊಡುವ ಕೆಲಸ. ಒಂದೊಂದು ಮಾತು ಆಡಿದ ಮೇಲೂ ಹೆಗಲ ಮೇಲಿನ ಅರಿವೆ ತೆಗೆದು ಗಾಜು ಒರೆಸುತ್ತಿದ್ದ.

"ಇಂಡಿ ಬಸ್‌ಸ್ಟ್ಯಾಂಡಿನ ಮುಂದ ಹೋಟೆಲ ತಗೀಬೇಕಂತ ಮಾಡೇನ್ರಿ ಮಾವಾರ. ನಾ ಇರೂ ಹೋಟೆಲಿನ್ಯಾಗ ಇಂಥಾ ತೊಟ್ಟಿ ಐತಿ. ಮಂದಿ ಮೀನ ನೋಡ್ಕೋತ ಕುಂತ ಇನ್ನೊಂದ ಚಹಾ ಹೇಳ್ತಾರ."

ಜೋಹರಾಬಿ ನಡುವೆ ಬಾಯಿ ಹಾಕಿದಳು. "ನಮ್ಮ ಮನ್ಯಾಗ ಮೂರು ಬೆಕ್ಕ ಅದಾವ. ಇಂವ ನೋಡಿದ್ರ ಇವತ್ತ ಮುಂಬೈಗೆ ಹೊಳ್ಳಿ ಹೊಂಟಾನ. ಬಕ್ರೀದ್ ಆಗೂತನಕ ಮೀನ ಇಲ್ಲೇ ಇರಲಿ. ಬರೂ ಸೊಸಿ ಕೈಗುಣಾನೂ ತಿಳೀತೈತಿ. ಆಮ್ಯಾಲ ಬಂದು ಮೊಹರಮ್ಮಿನ ಮೊದಲ ಲಗ್ನದ ದಿನಾ ಹಿಡಿಯೂನು."

 ಒಳಗೆ ಒಲೆಯ ಮುಂದೆ ಇದ್ದ ಹಿರಿಮಗಳು ಸಗೀರಾಳ ಕೈಯಲ್ಲಿನ ಇಕ್ಕಳ ಕೆಳಗೆ ಬಿದ್ದದ್ದು ಎಲ್ಲರಿಗೂ ಕೇಳಿಸಿತು.

ಕೈಗುಣ ಎಂಬ ಮಾತು ಆ ಮನೆಯಲ್ಲಿ ಸುಮ್ಮನೆ ಆಡುವಂಥದ್ದಾಗಿರಲಿಲ್ಲ. ಎರಡು ವರ್ಷದ ಹಿಂದೆ ಸಗೀರಾಳಿಗೆ ಮುದ್ದೇಬಿಹಾಳದ ಒಬ್ಬ ಹುಡುಗನ ಜೊತೆ ಮಾತು ಆಗಿತ್ತು. ಅವಳೇ ಹೊಲಿದ ಕೌದಿಯೊಂದನ್ನು ಅವನ ಮನೆಗೆ ಕಳಿಸಿದ್ದರು. ಕೌದಿ ಹೋದ ಹದಿನೇಳನೆಯ ದಿನ ಹುಡುಗ ಬಾವಿಗೆ ನೀರು ತರಲು ಇಳಿದವನು ಮೇಲೆ ಬರಲಿಲ್ಲ. ಬಾವಿಯ ಮೆಟ್ಟಿಲಿಗೆ ಪಾಚಿ ಕಟ್ಟಿತ್ತು, ಕಾಲು ಜಾರಿತ್ತು. ಆದರೂ ಜನ ಕೌದಿಯ ಮಾತೇ ಆಡಿದರು. ಆಮೇಲೆ ಅವಳನ್ನು ನೋಡಲು ಯಾರೂ ಬರಲಿಲ್ಲ. ಅಕ್ಕನದು ಆಗದೆ ಹದಿನಾರರ ಅಬಿದಾಳನ್ನು ಯಾರೂ ಕೇಳುವುದಿಲ್ಲ. ಇಂಡಿಯವರು ತಾವಾಗಿ ಬಂದದ್ದು ದಾವಲಮಲಿಕನಿಗೆ ದೇವರೇ ಬಾಗಿಲು ತಟ್ಟಿದಂತೆ ಆಗಿತ್ತು. ಈಗ ಆ ಬಾಗಿಲು ಆರು ಮೀನಿನ ಮೇಲೆ ನಿಂತಿತು.

ಹೊನ್ನವ್ವ ನೋಡುತ್ತಿದ್ದಂತೆ ಒಂದು ಮೀನು ತೊಟ್ಟಿಯ ಬುಡಕ್ಕೆ ನೇರ ಇಳಿದು ಮೂತಿ ಬಡಿದುಕೊಂಡಿತು. ಇನ್ನೊಂದೂ ಹಾಗೆಯೇ ಮಾಡಿತು.

"ಬುಡಕ ಏನರ ಹಾಸಬೇಕ್ರಿ," ಎಂದ ಬಾಬುಲಾಲ. "ಬರೀ ಗಾಜಿದ್ರ ತಮ್ಮ ನೆರಳ ತಾವ ಕಂಡು ಅಂಜತಾವ, ಕೂಳ ಬಿಡತಾವ. ಹೋಟೆಲಿನ್ಯಾಗ ಹರಳ ಹಾಕಿದ್ರು."

"ಎಂಥಾ ಹರಳಪ್ಪಾ?" ಹೊನ್ನವ್ವ ಕೇಳಿದಳು.

ಬಾಬುಲಾಲ ಯೋಚಿಸಿದ, ಗಾಜು ಒರೆಸಿದ. "ಚಂದ ಇದ್ವರಿ," ಎಂದ.

ಅಷ್ಟೇ ಅವನಿಗೆ ಗೊತ್ತಿದ್ದದ್ದು. ಗೋಧಿ ಹಿಟ್ಟಿನ ಸಣ್ಣ ಗುಳಿಗೆ ದಿನಕ್ಕೆ ಎರಡು ಸಲ, ನೀರು ಅರ್ಧರ್ಧ ಬದಲು ಮಾಡಬೇಕು ಎಂದು ಹೇಳಿ ತಾಯಿಯ ಜೊತೆ ಬಸ್ಸಿಗೆ ಹೋದ.

ಚಂದದ ಹರಳು ಎಂದರೆ ಆ ಸೀಮೆಯಲ್ಲಿ ಹುಡುಕಬೇಕಾದ್ದಿಲ್ಲ. ಕರಿ ಹೊಲ ಉಳುವಾಗ ನೇಗಿಲ ಹಿಂದೆ ಬೆಳ್ಳನೆಯ ಗಂಟು ಗಂಟು ಕಲ್ಲು ಏಳುತ್ತವೆ, ಒಡ್ಡಿನ ಮೇಲೆ ರಾಶಿ ಬಿದ್ದಿರುತ್ತವೆ. ದಾವಲಮಲಿಕ ಒಂದು ಬುಟ್ಟಿ ಆರಿಸಿ ತಂದು ತೊಳೆದು ಹಾಸಿದ. ಬಿಳಿ ಕಲ್ಲಿನ ಮೇಲೆ ಕೆಂಪು ಮೀನು. ನೋಡಲು ಬಂದ ಹೆಂಗಸರು ಹೋಗಲು ಒಲ್ಲೆವೆಂದರು. ಮೂರನೆಯ ದಿನ ನೀರು ಅಕ್ಕಿ ತೊಳೆದಂತಾಯಿತು. ಮೀನುಗಳು ಮೇಲೆ ಬಂದು ಬಾಯಿ ತೆಗೆದು ಮುಚ್ಚತೊಡಗಿದವು. ನೀರು ಬದಲು ಮಾಡಿದರೂ ಸಂಜೆಗೆ ಮತ್ತೆ ಅದೇ ಬಿಳುಪು. ಐದನೆಯ ದಿನ ಎರಡು ಮೀನು ಹೊಟ್ಟೆ ಮೇಲಾಗಿ ತೇಲಿದವು.

ಗೌಡರ ಗೋಡೆಗೆ ಗಾರೆ ಮೆತ್ತಿ ಗಿಲಾವು ಮಾಡುತ್ತಿದ್ದ ಗೌಂಡಿ ರೇವಪ್ಪನನ್ನು ಹೊನ್ನವ್ವ ಕರೆದು ತಂದಳು. ಅವನು ಒಂದು ಕಲ್ಲು ತೆಗೆದು ನೋಡಿ ಲಿಂಬೆಹಣ್ಣು ಕೇಳಿದ. ಜೋಹರಾಬಿ ತಂದಿದ್ದ ಹಣ್ಣನ್ನೇ ಕೊಯ್ದು ಕೊಟ್ಟರು. ಹುಳಿ ಬಿದ್ದಲ್ಲಿ ಕಲ್ಲು ನೊರೆ ಉಕ್ಕಿತು.

"ಸುಣ್ಣದ ಕಲ್ಲ ಇದು. ನಾವು ಸುಟ್ಟು ಗೋಡಿಗೆ ಬಳೀತೀವಿ, ನೀವು ಮೀನಿಗೆ ಹಾಸೀರಿ," ಎಂದ ರೇವಪ್ಪ. "ದಾವಲಣ್ಣಾ, ಗಾದಿ ಹಾಸೂದು ನಿನಗ ಹೇಳಿಕೊಡಬೇಕೇನ?"

ದಾವಲಮಲಿಕನಿಗೆ ನಗು ಬರಲಿಲ್ಲ. ಮರುದಿನ ಕಮಾನು ಹೆಗಲಿಗೇರಿಸಿ ಡೋಣಿ ಹೊಳೆಯ ಕಡೆಯ ಊರುಗಳಿಗೆ ಅರಳೆ ಹಿಂಜಲು ಹೋದವನು, ಬರುವಾಗ ಒಂದು ಚೀಲ ಉಸುಕು ಹೊತ್ತುಕೊಂಡೇ ಬಂದ. ಡೋಣಿಯ ದಂಡೆಯ ಮಣ್ಣು ಎಂದರೆ ಆ ಕಡೆಯವರಿಗೆ ಒಂದು ಹೆಮ್ಮೆ. ಅಲ್ಲಿ ಹೊಲ ಐತಿ ಎಂದರೆ ಹೆಣ್ಣು ಕೊಡುವವರು ಎರಡನೆಯ ಮಾತು ಕೇಳುತ್ತಿರಲಿಲ್ಲ. ಅಂಥ ಬೆಳೆ ಕೊಡುವ ಮಣ್ಣಿನಲ್ಲಿ ಮೀನು ಸಾಯುತ್ತದೆ ಎಂದು ಯಾರಿಗೆ ಹೊಳೆಯಬೇಕು? ಆ ಹೊಳೆಯ ನೀರು ಸವುಳು, ದನ ಕೂಡ ಮೂಸಿ ಬಿಡುತ್ತವೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಯಾರೂ ಅದನ್ನು ನೆನೆಯಲಿಲ್ಲ. ಹೊನ್ನವ್ವನೂ ನೆನೆಯಲಿಲ್ಲ. ನಾಲ್ಕು ಕೊಡ ನೀರಿನಲ್ಲಿ ತೊಳೆದು ಹಾಸಿದರು. ಮೀನು ಬಾಲ ಆಡಿಸಿದಾಗಲೆಲ್ಲ ಬುಡದಿಂದ ಕರಿ ಹೊಗೆಯಂಥ ಮಣ್ಣು ಏಳುತ್ತಿತ್ತು. ವಾರದೊಳಗೆ ಇನ್ನೊಂದು ಸತ್ತಿತು. ಗಾಜಿನ ಅಂಚಿಗೆ ಬಿಳಿ ಗೆರೆ ಕಟ್ಟಿತ್ತು. ಹೊನ್ನವ್ವ ಬೆರಳಿನಿಂದ ತೆಗೆದು ನಾಲಿಗೆಗೆ ಇಟ್ಟುಕೊಂಡಳು. ಉಪ್ಪು.

ಮೂರು ಉಳಿದವು.

ಆ ಹೊತ್ತಿಗೆ ಸಗೀರಾ ತನ್ನ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಳ್ಳಲು ಶುರು ಮಾಡಿದ್ದಳು. ಅವಳ ಬೆರಳು ಉದ್ದ, ಸೂಜಿ ಹಿಡಿದರೆ ಕೌದಿಯ ಹೊಲಿಗೆ ಗೆರೆ ಎಳೆದಂತೆ ಹೋಗುತ್ತಿತ್ತು. ಈಗ ಸೂಜಿ ಮುಟ್ಟುತ್ತಿರಲಿಲ್ಲ. ಹಿಟ್ಟು ನಾದುವುದು ಅಬಿದಾಳ ಪಾಲಾಯಿತು. ನೆರೆಮನೆಯ ಕೂಸು ಅಂಬೆಗಾಲಿಟ್ಟು ಬಂದರೆ ಎದ್ದು ಒಳಗೆ ಹೋಗುತ್ತಿದ್ದಳು. ಮೀನಿಗೆ ಗುಳಿಗೆ ಹಾಕುವಾಗ ಕೂಡ ಬೆರಳು ನೀರಿಗೆ ತಾಗದಂತೆ ಮೇಲಿನಿಂದ ಬಿಡುತ್ತಿದ್ದಳು. ಅಳುತ್ತಿರಲಿಲ್ಲ. ಅತ್ತಿದ್ದರೆ ಹೊನ್ನವ್ವ ಸಮಾಧಾನ ಹೇಳಬಹುದಾಗಿತ್ತು.

ಒಂದು ಮಧ್ಯಾಹ್ನ ಅವಳು ಕೇಳಿದಳು, "ಚಿಗವ್ವಾ, ಕೈ ಕಡದ ಹಾಕಿದ್ರ ಗುಣ ಹೋಗ್ತೈತೇನ?"

ಹುಡುಗಿಯ ದನಿಯಲ್ಲಿ ಏರಿಳಿತ ಇರಲಿಲ್ಲ. ಈಳಿಗೆ ಎಲ್ಲಿದೆ ಎಂದು ಹೊನ್ನವ್ವನ ಕಣ್ಣು ಮೊದಲು ಹುಡುಕಿತು.

"ಹುಚ್ಚಿ. ಮೀನ ಸತ್ತದ್ದು ಸುಣ್ಣಕ್ಕ, ಉಪ್ಪಿಗೆ. ನಿನ್ನ ಕೈ ಅದರಾಗ ಎಲ್ಲಿ ಬಂತ?"

"ಇಂಡಿಯವರಿಗೆ ಹೇಳ ಅದನ್ನ. ಅವರು ಎಣಸಾಕ ಬರ್ತಾರ, ಕೇಳಾಕಲ್ಲ."

"ಹಂಗಾರ ಕೇಳು. ಇನ್ನ ನಿಮ್ಮಪ್ಪ ಏನೂ ತರೂದು ಬ್ಯಾಡ. ಕಲ್ಲ ಆರಿಸೂದು ನನ್ನ ಕಸಬು. ನಾ ಆರಿಸ್ತೇನಿ."

ಹೊನ್ನವ್ವ ಜರಡಿಗಳನ್ನು ಹೊತ್ತು ಊರ ಹಳ್ಳಕ್ಕೆ ಹೋದಳು. ಬೇಸಿಗೆಗೆ ಹಳ್ಳ ಬತ್ತಿ ಬರೀ ಹರಳುಮಣ್ಣಿನ ಗರಸು ಬಿದ್ದಿತ್ತು. ಅಲ್ಲಷ್ಟು ಇಲ್ಲಷ್ಟು ಎತ್ತಿ ಲಿಂಬೆಯ ಹುಳಿ ಹಿಂಡಿ ನೋಡಿದಳು, ನೊರೆ ಬಂದದ್ದನ್ನು ಚೆಲ್ಲಿದಳು. ಉಳಿದದ್ದನ್ನು ನಾಲಿಗೆಗೆ ಹಚ್ಚಿ ನೋಡಿದಳು. ಆಮೇಲೆ ಮೂರು ದಿನ ಬೇವಿನ ನೆರಳಲ್ಲಿ ಕೂತು, ದೊಡ್ಡದನ್ನು ಮೇಲಿನ ಜರಡಿಯಲ್ಲಿ ತಡೆದು, ಸಣ್ಣದನ್ನು ಕೆಳಗಿನ ಜರಡಿಯಲ್ಲಿ ಇಳಿಸಿ, ನಡುವೆ ಉಳಿದದ್ದನ್ನು ಮೊರದಲ್ಲಿ ಕೇರಿದಳು. ಚೂಪು ಮೂಲೆ ಇದ್ದ ಒಂದೊಂದನ್ನೂ ಬೆರಳಿನಿಂದ ಆರಿಸಿ ಬಿಸಾಕಿದಳು. ಕಡೆಗೆ ಉಳಿದದ್ದು ಸರಿಯಾಗಿ ಜೋಳದ ಕಾಳಿನಷ್ಟು, ಉರುಟು ಉರುಟು, ಕಂದು ಕರಿ ಬೂದಿ ಬಣ್ಣದ್ದು. ಒಂದು ದೊಡ್ಡದಿಲ್ಲ, ಒಂದು ಸಣ್ಣದಿಲ್ಲ. ಜನ್ಮವಿಡೀ ಹರಳು ತೆಗೆದು ಕಾಳು ಇಟ್ಟುಕೊಂಡವಳು ಈಗ ಹರಳನ್ನೇ ಇಟ್ಟುಕೊಂಡಿದ್ದಳು, ಅದೂ ಕಾಳಿನ ಹಾಗೆ ಹಸನಾಗಿ.

ತೊಟ್ಟಿಗೆ ಹಾಸಿದ ಮೇಲೆ ನೀರು ತಿಳಿಯಾಗಿಯೇ ಉಳಿಯಿತು. ಮೂರು ಮೀನೂ ಬುಡಕ್ಕಿಳಿದು ಹರಳಿನಲ್ಲಿ ಮೂತಿ ಆಡಿಸತೊಡಗಿದವು. ಒಂದು ಹರಳು ಬಾಯಿಗೆ ತೆಗೆದುಕೊಳ್ಳುವುದು, ಚೀಪುವುದು, ಉಗುಳುವುದು.

"ಚಿಗವ್ವಾ, ಇವೂ ನಿನ್ನಂಗ ಹಸನ ಮಾಡಾಕತ್ತಾವ," ಎಂದು ಅಬಿದಾ ನಕ್ಕಳು. ಎಷ್ಟೋ ದಿನದ ಮೇಲೆ ಆ ಮನೆಯಲ್ಲಿ ನಗು ಕೇಳಿತ್ತು. ಸಗೀರಾ ಕೂಡ ಹತ್ತಿರ ಬಂದು ಕೂತಳು. ಹೊನ್ನವ್ವನಿಗೆ ಎದೆ ತುಂಬಿತು. ಗೌಡರ ಮನೆಗೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ಆ ಹರಳಿನ ಹಾಸು ನೋಡಿಕೊಂಡು ಹೋಗುತ್ತಿದ್ದಳು.

ಒಂಬತ್ತನೆಯ ದಿನ ಒಂದು ಮೀನು ಬಾಯಿ ತೆಗೆದುಕೊಂಡೇ ತೊಟ್ಟಿಯ ಮೂಲೆಯಲ್ಲಿ ನಿಂತಿತು. ಗುಳಿಗೆ ಮುಟ್ಟಲಿಲ್ಲ. ಮರುದಿನ ಸತ್ತಿತು. ಸಗೀರಾ ಅದನ್ನು ಎತ್ತಲಾರೆ ಎಂದದ್ದಕ್ಕೆ ಹೊನ್ನವ್ವನೇ ಹಿತ್ತಲಲ್ಲಿ ಹೂಳಲು ಒಯ್ದಳು. ಕೈಯಲ್ಲಿ ಹಿಡಿದಾಗ ಅದರ ಬಾಯಿ ಇನ್ನೂ ತೆರೆದೇ ಇತ್ತು. ಬಾಗಿ ನೋಡಿದಳು. ಗಂಟಲಿಗೆ ಬಿರಡೆ ಜಡಿದಂತೆ ಒಂದು ಹರಳು ಕೂತಿತ್ತು. ಜೋಳದ ಕಾಳಿನಷ್ಟು.

ಹೊನ್ನವ್ವ ಅಲ್ಲಿಯೇ ಮಣ್ಣಿನ ಮೇಲೆ ಕೂತುಬಿಟ್ಟಳು. ಹೊಳೆಯ ಉಸುಕಿನಲ್ಲಿ ದೊಡ್ಡದು ಸಣ್ಣದು ಎಲ್ಲ ಕೂಡಿರುತ್ತದೆ. ಮೀನಿನ ಬಾಯಿಗೆ ಇಷ್ಟೇ ಸರಿಯಾಗಿ ಕೂರುವಂಥ ಹರಳನ್ನು, ಅದೇ ಗಾತ್ರದ್ದನ್ನೇ, ಮೂರು ದಿನ ಕೂತು ಆರಿಸಿ ಬುಟ್ಟಿ ತುಂಬಿದ್ದು ಯಾರು? ಒಂದು ಹರಳು ಯಾರ ಹಲ್ಲಿಗೂ ಬರಬಾರದು ಎಂದು ಬಾಳಿದ ಕೈಯೇ ಅದನ್ನು ತಂದು ಬಾಯಿಗೆ ಇಟ್ಟಿತ್ತು. ಹರಳನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. ಒಳಗೆ ಹೋಗಿ ಯಾರಿಗೂ ಹೇಳಲಿಲ್ಲ. ನಾಲ್ಕು ಮನೆಗಳ ಬಾಗಿಲು ಆಕೆಯ ಕಣ್ಣ ಮುಂದೆ ಬಂದಿದ್ದವು. ನಾಳೆ ಹೇಗಾದರೂ ಮಾಡಿ ಆ ಹರಳನ್ನೆಲ್ಲ ತೆಗೆಸಬೇಕು, ಏನಾದರೊಂದು ನೆಪ ಹೇಳಬೇಕು ಎಂದುಕೊಂಡಳು.

ನೆಪ ಹುಡುಕುವಷ್ಟು ಹೊತ್ತು ಸಿಗಲಿಲ್ಲ. ಬೆಳಗಾದೊಡನೆ ಸಗೀರಾಳೇ ಬಂದು ಬಾಗಿಲಲ್ಲಿ ನಿಂತಳು. "ಇನ್ನೊಂದೂ ಬಾಯಿ ತಗದೈತಿ, ಚಿಗವ್ವಾ." 

ಹೊನ್ನವ್ವ ಹಸಿ ಅರಿವೆಯಲ್ಲಿ ಮೀನನ್ನು ಹಿಡಿದಳು. ಅದರ ಮೈ ಅಂಗೈಯಲ್ಲಿ ಮಿಡಿಯುತ್ತಿತ್ತು. "ನಿನ್ನ ತಲಿ ಪಿನ್ನ ಕೊಡು." ಸಗೀರಾ ಕೊಟ್ಟಳು. ಪಿನ್ನಿನ ಬಾಗಿದ ಕಡೆಯನ್ನು ತುಟಿಯ ಪಕ್ಕದಿಂದ ತೂರಿಸಿ, ಹರಳಿನ ಹಿಂದೆ ಹಾಕಿ, ಉಸಿರು ಬಿಗಿಹಿಡಿದು ಎಳೆದಳು. ಜಾರಿತು. ಮೀನು ಒದ್ದಾಡಿತು, ಅರಿವೆಯ ಮೇಲೆ ಚುಕ್ಕೆಯಷ್ಟು ರಕ್ತ ಕಂಡಿತು. "ಹಿಡಿ," ಎಂದಳು. "ನಾ ಹಿಡಿಯಾಂಗಿಲ್ಲ," ಎಂದಳು ಸಗೀರಾ. "ಹಿಡಿ ಅಂದ್ರ ಹಿಡಿ. ನನಗ ಇರೂದು ಎರಡೇ ಕೈ." ಸಗೀರಾ ಸೆರಗಿನಿಂದ ಕೈ ಹೊರಗೆ ತೆಗೆದಳು. ಅವಳು ಹಿಡಿದಳು, ಹೊನ್ನವ್ವ ಎಳೆದಳು. ಹರಳು ನೆಲಕ್ಕೆ ಬಿದ್ದು ಉರುಳಿತು. ಮೀನು ನೀರಿಗೆ ಬಿದ್ದು ಸ್ವಲ್ಪ ಹೊತ್ತು ಓರೆಯಾಗಿ ತೇಲಿ, ಆಮೇಲೆ ನೆಟ್ಟಗಾಯಿತು.

ಸಗೀರಾ ಹರಳನ್ನು ನೋಡಿದಳು, ಹೊನ್ನವ್ವನನ್ನು ನೋಡಿದಳು.

"ನಿನ್ನೆದೂ ಹಿಂಗೇನ?"

"ಹೌದವ್ವಾ."

ಸಗೀರಾ ಆಮೇಲೆ ತೊಟ್ಟಿಯ ಮುಂದೆ ಕೂತು ಹರಳು ಬಾಚಿ ತೆಗೆಯತೊಡಗಿದಳು. ತೆಗೆಯುತ್ತಲೇ ಹೇಳಿದಳು, "ಇದನ್ನ ಯಾರಿಗೂ ಹೇಳಬ್ಯಾಡ. ನಿನ್ನ ಮೊರಕ್ಕ ಯಾರೂ ಕಾಳ ಹಾಕೂದಿಲ್ಲ. ನನ್ನ ಕೈಗೆ ಹೆಂಗೂ ಹೆಸರ ಬಂದೈತಿ. ಇದೂ ಅಲ್ಲೇ ಹೋಗಲಿ."

ಹೊನ್ನವ್ವ ಬೇಡ ಎನ್ನಬೇಕಾಗಿತ್ತು. ಅನ್ನಲಿಲ್ಲ.

ಬಕ್ರೀದಿಗೆ ಇಪ್ಪತ್ತೆರಡು ದಿನ ಉಳಿದಿದ್ದವು, ಎರಡು ಮೀನು ಉಳಿದಿದ್ದವು. ಬಾಯಿಗೆ ಹಿಡಿಸದಷ್ಟು ದೊಡ್ಡ ಕಲ್ಲು ಇಡಿ ಎಂದ ರೇವಪ್ಪ. ಲಿಂಬೆಗಾತ್ರದ ಗುಂಡು ಕಲ್ಲು ಇಟ್ಟು ನೋಡಿದರು. ಹಿಟ್ಟಿನ ಗುಳಿಗೆ ಸಂದಿಗೆ ಬಿದ್ದು ಕೊಳೆತು ಎರಡೇ ದಿನದಲ್ಲಿ ನೀರು ನಾರಿತು. ದೊಡ್ಡದಾದರೆ ಕೊಳೆ, ಕಾಳಿನಷ್ಟಾದರೆ ಗಂಟಲು. ಹಾಗಾದರೆ ಉಳಿದದ್ದು ಗಂಟಲಲ್ಲಿ ನಿಲ್ಲದೆ ಹಾದು ಹೋಗುವಂಥದ್ದು. ಗೌಡರ ಗಿಲಾವಿಗೆ ಕೊಲ್ಹಾರದಿಂದ ಕೃಷ್ಣಾ ಹೊಳೆಯ ಉಸುಕು ಬಂಡಿಯಲ್ಲಿ ಬಂದಿತ್ತು. ರೇವಪ್ಪ ಎರಡು ಪುಟ್ಟಿ ಕೊಟ್ಟ. ಹೊನ್ನವ್ವ ಅದನ್ನು ರವೆ ಸೋಸುವ ಜರಡಿಯಲ್ಲಿ ಇಳಿಸಿದಳು. ಹುಳಿ ಹಿಂಡಿದಳು, ನೊರೆ ಇಲ್ಲ. ನಾಲಿಗೆಗೆ ಹಚ್ಚಿದಳು, ಉಪ್ಪಿಲ್ಲ. ಈ ಸಲ ಅಷ್ಟಕ್ಕೇ ಬಿಡಲಿಲ್ಲ. ಒಂದು ಚಿಟಿಕೆ ತನ್ನ ಬಾಯೊಳಗೆ ಹಾಕಿಕೊಂಡು ಮೀನಿನ ಹಾಗೆ ಆಡಿಸಿ, ಕೆನ್ನೆಯ ಒಳಗೆ ಎಲ್ಲೂ ಚುಚ್ಚುವುದಿಲ್ಲ ಎಂದು ಖಾತ್ರಿಯಾದ ಮೇಲೆ ಉಗುಳಿದಳು.

ತೊಳೆಯುವುದೇ ದೊಡ್ಡ ಪಾಡಾಯಿತು. ಬೇಸಿಗೆ ಕಡೆಯ ದಿನಗಳು, ಬಾವಿಯಲ್ಲಿ ಕೊಡ ಮುಳುಗುವಷ್ಟು ಕೂಡ ನೀರಿಲ್ಲ.

"ಮಂದಿಗೆ ಕುಡ್ಯಾಕಿಲ್ಲ, ಇವರು ಮಣ್ಣಿಗೆ ಎರಿಯಾಕತ್ತಾರ," ಎಂದಳು ಬಾವಿಯ ಮೇಲಿದ್ದವಳೊಬ್ಬಳು.

"ಎರಿಲಿ ಬಿಡ. ಬೀಗತಿ ಬರ್ತಾಳ, ಮಣ್ಣಿಗಿ ಸೀರಿ ಉಡಸಬೇಕಲ್ಲ," ಎಂದಳು ಇನ್ನೊಬ್ಬಳು.

ಸಗೀರಾ ಬಿಸಿಲು ನೆತ್ತಿಗೆ ಬಂದು ಬಾವಿಯಲ್ಲಿ ಯಾರೂ ಇಲ್ಲದಾಗ ಹೋಗಿ ಜಗ್ಗತೊಡಗಿದಳು. ಅರ್ಧರ್ಧ ತುಂಬಿಸಿ ಇಪ್ಪತ್ತಮೂರು ಕೊಡ. ಅಂಗೈ ಸುಲಿದು ನೀರು ಬಂತು. ತೊಳೆದ ನೀರಿನಲ್ಲಿ ಮುಖ ಕಾಣುವ ತನಕ ಇಬ್ಬರೂ ತೊಳೆದರು. ಎರಡು ಬೆರಳು ದಪ್ಪ ಹಾಸಿ, ಮೇಲೊಂದು ತಟ್ಟೆ ಇಟ್ಟು ಆ ತಟ್ಟೆಯ ಮೇಲೆ ನಿಧಾನ ನೀರು ಬಿಟ್ಟರು. ಮೀನುಗಳು ಇಳಿದವು. ಉಸುಕನ್ನು ಬಾಯಿ ತುಂಬ ತೆಗೆದುಕೊಂಡು ಕಿವಿರಿನಿಂದ ಹೊಗೆಯ ಹಾಗೆ ಬಿಟ್ಟವು. ಮತ್ತೆ ತೆಗೆದುಕೊಂಡವು, ಮತ್ತೆ ಬಿಟ್ಟವು. ಹೊನ್ನವ್ವ ಆ ದಿನ ಗೌಡರ ಮನೆಗೆ ಹೋಗದೆ ಸಂಜೆಯವರೆಗೆ ಅದನ್ನೇ ನೋಡುತ್ತ ಕೂತಳು.

ಎರಡೂ ಬದುಕಿದವು. ಆದರೆ ಬಂದದ್ದು ಆರು.

ಬಕ್ರೀದ್ ಆದ ನಾಲ್ಕನೆಯ ದಿನ ಜೋಹರಾಬಿ ಒಬ್ಬಳೇ ಬಂದಳು. ಚಪ್ಪಲಿ ಬಿಟ್ಟು ಒಳಗೆ ಬಂದವಳು ನೀರು ಕೂಡ ಕುಡಿಯದೆ ತೊಟ್ಟಿಯ ಮುಂದೆ ನಿಂತಳು. ತೊಟ್ಟಿಯ ಹಿಂದೆ ಇನ್ನೇನಾದರೂ ಇದೆಯೇ ಎಂದು ಬಾಗಿ ನೋಡಿದಳು.

"ಆರು ಬಿಟ್ಟು ಹೋಗಿದ್ದೆ."

ದಾವಲಮಲಿಕ ಕೈ ಮುಗಿದ. "ತಪ್ಪ ನಂದ್ರಿ ಬೀಗತಿಯವರ. ಮೂರು ನನ್ನಿಂದ ಹೋದ್ವು. ಸುಣ್ಣದ ಕಲ್ಲ ಹಾಕಿದೆ, ಸವುಳ ಉಸುಕ ಹಾಕಿದೆ."

"ನಾಲ್ಕನೇದು?"

 ಗೋಡೆಯ ಬದಿ ನಿಂತಿದ್ದ ಸಗೀರಾ ತಲೆ ಎತ್ತದೆ ಹೇಳಿದಳು, "ಅದು ನನ್ನ ಕೈಯಾಗ ಸತ್ತೈತ್ರಿ."

ಜೋಹರಾಬಿ ಒಂದು ನಿಟ್ಟುಸಿರು ಬಿಟ್ಟಳು, ಅದರಲ್ಲಿ ಸಿಟ್ಟಿಗಿಂತ ದಣಿವು ಹೆಚ್ಚಿತ್ತು. ಚಾಪೆಯ ಕಡೆ ತಿರುಗದೆ ಚಪ್ಪಲಿಯ ಕಡೆ ತಿರುಗಿದಳು. ಅಬಿದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೊನ್ನವ್ವ ಲೆಕ್ಕ ಹಾಕಿದಳು. ಬಾಯಿ ಮುಚ್ಚಿಕೊಂಡು ನಿಂತರೆ ತನ್ನ ನಾಲ್ಕು ಮನೆ ಉಳಿಯುತ್ತವೆ. ಈ ಒಂದು ಮನೆ ಮುಳುಗುತ್ತದೆ.

"ನಿಲ್ರಿ ಅಕ್ಕಾರ," ಎಂದಳು. "ಆ ಹುಡುಗಿ ಸುಳ್ಳ ಹೇಳಾಕತ್ತೈತಿ. ನಾಲ್ಕನೇದನ್ನ ಕೊಂದಾಕಿ ನಾ."

"ನೀ ಯಾರವಾ?"

"ಹೊನ್ನವ್ವ ಅಂತಾರ್ರಿ. ಮಂದಿ ಮನಿ ಕಾಳ ಹಸನ ಮಾಡ್ತೇನಿ. ಜ್ವಾಳದಷ್ಟ ಹರಳ ಆರಿಸಿ ಹಾಕಿದೆ. ಅದರ ಗಂಟಲಾಗ ಸಿಕ್ಕು ಸತ್ತಿತು. ಇನ್ನೊಂದಕ್ಕೂ ಸಿಕ್ಕಿತ್ತು. ಅಕಿ ತನ್ನ ಕೈಲೆ ಹಿಡಿದಳು, ನಾ ಪಿನ್ನಿಲೆ ತಗದೆ. ಅದು ನೋಡ್ರಿ, ತುಟಿ ಹರದದ್ದು, ಅದ ಅದು. ಅಕಿ ಕೈಯಾಗ ಹೋದದ್ದಲ್ಲ, ಉಳದದ್ದು."

ಜೋಹರಾಬಿ ತೊಟ್ಟಿಯ ಹತ್ತಿರ ಬಂದು ಕೂತು ಆ ಮೀನಿನ ತುಟಿ ನೋಡಿದಳು. ಆಮೇಲೆ ಸಗೀರಾಳನ್ನು ಕರೆದು ಅವಳ ಕೈಗಳನ್ನು ಮೇಲೆ ಮಾಡಿಸಿದಳು. ಹಗ್ಗ ಜಗ್ಗಿ ಸುಲಿದ ಗಾಯ ಇನ್ನೂ ಮಾಯ್ದಿರಲಿಲ್ಲ. ಅದನ್ನು ನೋಡಿಯೂ ಅವಳ ಮುಖ ಸಡಿಲಲಿಲ್ಲ.

"ನನಗೇನೂ ಬ್ಯಾಡ," ಎಂದಳು ಕಡೆಗೆ. "ನನಗ ಹುಡುಗಿ ಮನಸಿಗೆ ಬಂದೈತಿ. ನಮ್ಮ ಮಂದಿ ಕುಂತಾರಲ್ಲ ಅಲ್ಲಿ, ಮುದ್ದೇಬಿಹಾಳದ ಸುದ್ದಿ ಕೇಳಿದಾಗಿಂದ ಒಂದ ನೆವಕ್ಕ ಕಾಯ್ಕೋತ ಕುಂತಾರ. ನಾಲ್ಕ ಮೀನ ಹೆಂಗ ಸತ್ವು ಅಂತ ಕೇಳ್ತಾರ. ಅವರ ಬಾಯಿಗೆ ಒಂದ ಹೆಸರ ಕೊಡಬೇಕು. ಇಲ್ಲಂದ್ರ ಇಕಿ ಹೆಸರ ತಗೋತಾರ. ನಿಂದ ಹೇಳ್ಲಿ ಏನವಾ?"

"ಹೇಳ್ರಿ."

"ನಮ್ಮೂರಾಗ ಅಷ್ಟ ಹೇಳಿದ್ರ ನಡ್ಯಾಂಗಿಲ್ಲ. ಇಲ್ಲೂ ಹೇಳ್ತೇನಿ. ನಾಳೆ ಯಾರರ ಇಲ್ಲಿಗೆ ಬಂದ ಕೇಳಿದ್ರ ಎರಡೂ ಕಡೆ ಮಾತ ಒಂದ ಇರಬೇಕು."

"ಹೇಳ್ರಿ," ಎಂದಳು ಹೊನ್ನವ್ವ ಮತ್ತೊಮ್ಮೆ. ಸಗೀರಾ ಏನೋ ಅನ್ನಲು ಬಾಯಿ ತೆರೆದಾಗ ಕಣ್ಣಿನಲ್ಲೇ ಅವಳನ್ನು ತಡೆದಳು.

ಜೋಹರಾಬಿ ಹೇಳಿದಳು. ಗೌಡರ ಮನೆಯಲ್ಲಿ ಮಜ್ಜಿಗೆ ಕುಡಿಯುತ್ತ ಹೇಳಿದಳು, ಬಸ್ಸಿಗೆ ಕಾಯುತ್ತ ಹೇಳಿದಳು. ಜನ ಮೊದಲು ನಕ್ಕರು. ಮೀನಿಗೆ ಹರಳು ತಿನ್ನಿಸಿದವಳು ಎಂದರು. ಆಮೇಲೆ ಶೆಟ್ಟರ ಮನೆಯಲ್ಲಿ ರೊಟ್ಟಿ ತಿನ್ನುವಾಗ ಯಾರ ಹಲ್ಲಿಗೋ ಏನೋ ಕಟಕ್ ಎಂದಿತಂತೆ. ಅದು ಹೊನ್ನವ್ವ ಕೇರಿದ ಜೋಳ ಹೌದೋ ಅಲ್ಲವೋ ಯಾರೂ ವಿಚಾರಿಸಲಿಲ್ಲ. ಆ ವರ್ಷದ ಮುಂಗಾರಿಗೆ ಶೆಟ್ಟರು ಕರೆಯಲಿಲ್ಲ. ಗೌಡರ ಮನೆಯವರು ಕರೆಯುತ್ತೇವೆ ಎಂದರು, ಬೇರೆಯವಳನ್ನು ಕರೆದರು. ಉಳಿದೆರಡು ಮನೆಯವರು ಅವರನ್ನು ನೋಡಿ ಕಲಿತರು. ಹೊನ್ನವ್ವ ಕೊಲ್ಹಾರದ ರಸ್ತೆಗೆ ಹಾಕುವ ಖಡಿ ಕಲ್ಲು ಒಡೆಯಲು ಹೋದಳು. ಎರಡು ವರ್ಷ ಒಡೆದಳು. ಒಡೆದ ಖಡಿಯನ್ನು ಒಂದೇ ಗಾತ್ರಕ್ಕೆ ಆರಿಸಿ ಕೊಡುವ ಹೆಂಗಸು ಎಂದು ಅಲ್ಲಿನ ಮೇಸ್ತ್ರಿ ಹೊಗಳಿದಾಗ ಆಕೆ ಮುಖ ಆ ಕಡೆ ತಿರುಗಿಸಿಕೊಂಡಳು.

ಲಗ್ನ ಮೊಹರಮ್ಮಿನ ಮೊದಲೇ ಆಯಿತು. ಬಾಬುಲಾಲ ಇಂಡಿಯಲ್ಲಿ ಹೋಟೆಲ್ ತೆರೆದ. ತೊಟ್ಟಿಯನ್ನು ಬಾಗಿಲಿಗೆ ಎದುರಾಗಿ ಇಟ್ಟಿದ್ದನಂತೆ, ಆ ಎರಡು ಮೀನು ಅಂಗೈಯಗಲ ಬೆಳೆದವಂತೆ. ಸಿಂದಗಿ ಕಡೆಯಿಂದ ಸಂತೆಗೆ ಬಂದವರು ನಿಂತು ನೋಡಿ ಹೋಗುತ್ತಿದ್ದರು ಎಂದು ಬಸ್ಸಿನವರು ಹೇಳುತ್ತಿದ್ದರು. ಸಗೀರಾ ಚೊಚ್ಚಲ ಹೆರಿಗೆಗೆ ಒಮ್ಮೆ, ದಾವಲಮಲಿಕ ತೀರಿಕೊಂಡಾಗ ಒಮ್ಮೆ ಮಸೂತಿಗೆ ಬಂದಳು. ಎರಡು ಸಲವೂ ಹೊನ್ನವ್ವನ ಒಡೆದ ಬೆರಳುಗಳನ್ನು ಹಿಡಿದುಕೊಂಡು ಕೂತಳೇ ಹೊರತು ಏನನ್ನೂ ಕೇಳಲಿಲ್ಲ.

ಅವಳು ಕಡೆಯದಾಗಿ ಕೇಳಿದ್ದು ಲಗ್ನವಾಗಿ ಹೊರಟ ದಿನ. ಬಸ್ಸು ಬಂದು ನಿಂತಿತ್ತು. ಮೀನು ಬಿಸ್ಕೀಟಿನ ಡಬ್ಬಿಯಲ್ಲಿದ್ದವು, ಉಸುಕನ್ನು ಹೊನ್ನವ್ವ ಹಸಿ ಅರಿವೆಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದಳು. ಹತ್ತುವ ಮೆಟ್ಟಿಲಿಗೆ ಒಂದು ಕಾಲಿಟ್ಟ ಸಗೀರಾ ಮುಸುಕು ಸರಿಸಿ ಹಿಂದೆ ತಿರುಗಿದಳು. ಆಚೆ ಅಬಿದಾ ಅಪ್ಪನ ತೋಳು ಹಿಡಿದು ಅಳುತ್ತ ನಿಂತಿದ್ದಳು. ಅವಳಿಗೆ ಕೇಳಿಸದ ಹಾಗೆ ಸಗೀರಾ ಬಾಗಿ ಹೇಳಿದಳು:

"ಚಿಗವ್ವಾ, ಅಬಿದಾನ್ನ ನೋಡಾಕ ಯಾರರ ಬಂದ್ರ ನೀ ಮನ್ಯಾಗ ಇರು. ಅವರು ಅಕಿ ಕೈಯಾಗ ಜೀವ ಇದ್ದದ್ದು ಏನ ಕೊಟ್ಟರೂ, ಗಿಳಿ ಇರಲಿ, ಕರ ಇರಲಿ, ಒಂದ ಸಸಿ ಇರಲಿ, ಬಾಗಿಲದಾಗ ನಿಂತ ಹೊಳ್ಳಿಸಿ ಕಳಸ್ತೀಯಿಲ್ಲ?"